ಗುರುದ್ವಾರದಲ್ಲಿ ಸ್ವಯಂಪಾಕ

ನಮ್ಮವರ ಕರವಸ್ತ್ರಗಳಿಗೆ ಇಸ್ತ್ರಿ ಹಾಕುವುದು ಈ ಮನೆಯಲ್ಲಿ ನನ್ನ ಪಾಲಿಗೆ ಬಂದ ಕೆಲಸ. ಅವರು ಕಾರ್ಖಾನೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಬೆವರು ಒರೆಸಿಕೊಳ್ಳಬೇಕಾದಂಥ ಯಾವ ಕೆಲಸವನ್ನೂ ಅವರು ಈಗ ಮಾಡುವುದಿಲ್ಲ. ಆದರೂ ಬೀದಿ ಕೊನೆಯ ಅಂಗಡಿಗೆ ಹೊರಟರೆ ಜೇಬಿನಲ್ಲಿ ಮಡಿಸಿದ ಕರವಸ್ತ್ರ ಇರಲೇಬೇಕು. ಅದೂ ಅಂಗೈಯಗಲದ್ದಲ್ಲ, ಬಿಚ್ಚಿ ಹಾಸಿದರೆ ಕೂಸೊಂದನ್ನು ಮಲಗಿಸಬಹುದು. ಮೊನ್ನೆ ಒಂದನ್ನು ಮಡಿಸುತ್ತಾ, "ಇಂಥದ್ದನ್ನೇ ಅಲ್ವಾ ತಲೆಗೆ ಕಟ್ಕೊಂಡು ಕೂತಿದ್ದು ನೀವು?" ಎಂದೆ.

"ಎಲ್ಲಿ?"

"ಗುರುದ್ವಾರದಲ್ಲಿ."

ಅವರು ಪತ್ರಿಕೆಯಿಂದ ತಲೆಯೆತ್ತದೆ, "ಆ ತುಪ್ಪದ ಕಲೆ ಕೊನೇವರೆಗೂ ಹೋಗ್ಲಿಲ್ಲ" ಎಂದರು. ಮನುಷ್ಯರಿಗೆ ಏನು ನೆನಪಿರುತ್ತದೆ ನೋಡಿ.

ಕರವಸ್ತ್ರದ ಜೊತೆ ನನ್ನ ಸಂಬಂಧ ಇನ್ನೂ ಹಳೆಯದು. ದೊಡ್ಡಬಳ್ಳಾಪುರದಲ್ಲಿ ನಾನು ಶಾಲೆಗೆ ಹೋಗುವಾಗ ಅಮ್ಮ ಅದನ್ನು ನನ್ನ ಲಂಗದ ರವಿಕೆಗೆ ಪಿನ್ನು ಹಾಕಿ ನೇತುಬಿಡುತ್ತಿದ್ದಳು. ಮೇಡಂ ದಿನಾ ಬೆಳಿಗ್ಗೆ ಅದನ್ನು ಪರೀಕ್ಷೆ ಮಾಡುತ್ತಿದ್ದರು. ಅದು ಶುಭ್ರವಾಗಿರಬೇಕಾದ್ದರಿಂದ ನಾವು ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತಿದ್ದೆವು. ಆ ಮೇಡಂ ಕೈಯಲ್ಲೇ ನಾನು ಹಿಂದಿಯನ್ನೂ ಕಲಿತು ಒಂದರ ಮೇಲೊಂದು ಪರೀಕ್ಷೆ ಪಾಸು ಮಾಡಿದ್ದು. ಪ್ರಮಾಣಪತ್ರಗಳಿಗೆ ಚೌಕಟ್ಟು ಹಾಕಿಸಿ ಅಪ್ಪ ಗೋಡೆಗೆ ತೂಗುಹಾಕಿದ್ದರು. ಹೆಣ್ಣು ನೋಡಲು ಬಂದವರೆಲ್ಲ ಮೊದಲು ಅವನ್ನು ನೋಡಿ ಆಮೇಲೆ ನನ್ನನ್ನು ನೋಡುತ್ತಿದ್ದರು. ಯಶವಂತಪುರದ ಈ ಮನೆಯವರು ಒಪ್ಪಿದ್ದಕ್ಕೆ ನನ್ನ ಹಿಂದಿಯೇ ಕಾರಣವೆಂದು ಅಪ್ಪ ಕೊನೆಯವರೆಗೂ ನಂಬಿದ್ದರು. ನಿಜಕ್ಕೂ ಕಾರಣವಾದದ್ದು ಜಾತಕ.

ಆದರೆ ಹಿಂದಿಗೆ ಇಲ್ಲೊಂದು ಕೆಲಸ ಕಾದಿತ್ತು. ಪಕ್ಕದ ಮನೆಯಲ್ಲಿ ಸರ್ದಾರ್ಜಿಯ ಸಂಸಾರವಿತ್ತು. ಅವರಿಗೆ ತುಮಕೂರು ರಸ್ತೆಯಲ್ಲಿ ಲಾರಿಯ ಬಿಡಿಭಾಗಗಳ ಅಂಗಡಿ, ಜೊತೆಗೆ ಓಡಾಡುವ ಲಾರಿಗಳೂ ಇದ್ದವು. ಹೆಂಡತಿಯ ಹೆಸರು ಪ್ರೀತಮ್ ಕೌರ್. ನಮ್ಮ ಅತ್ತೆ ಸೀತಮ್ಮನವರು ಮೊದಲ ದಿನವೇ ಆ ಹೆಸರನ್ನು ಕೇಳಿ, ಅದರಲ್ಲಿ ಅಪೂರ್ಣವಾಗಿದ್ದದ್ದನ್ನು ಸರಿಪಡಿಸಿ, ಪ್ರೀತಮ್ಮ ಎಂದು ಕರೆದಿದ್ದರಂತೆ. ಆಕೆಯೂ ಆಕ್ಷೇಪಿಸದೆ ಓಗೊಟ್ಟಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಇಬ್ಬರೂ ಎರಡು ಮನೆಗಳ ನಡುವಿನ ಕಾಂಪೌಂಡ್ ಗೋಡೆಯ ಆಚೀಚೆ ನಿಂತು ಮಧ್ಯಾಹ್ನವಿಡೀ ಮಾತಾಡುವಷ್ಟು ಸ್ನೇಹವಾಗಿತ್ತು. ಅತ್ತೆ ಮಾತಾಡುತ್ತಿದ್ದದ್ದು ಕನ್ನಡ. ಪ್ರೀತಮ್ಮ ಮಾತಾಡುತ್ತಿದ್ದದ್ದು ಪಂಜಾಬಿಗೆ ಒಂದಿಷ್ಟು ಹಿಂದಿ ಬೆರೆಸಿದ ಭಾಷೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅದರಿಂದ ಯಾವ ತೊಂದರೆಯೂ ಆದಂತೆ ನನಗೆ ಕಾಣಲಿಲ್ಲ.

ಒಂದು ದಿನ ಉಪಕಾರ ಮಾಡೋಣವೆಂದು ನಾನು ನಡುವೆ ನಿಂತು ಭಾಷಾಂತರ ಮಾಡಿದೆ. ಪಠ್ಯಪುಸ್ತಕದ ಹಿಂದಿಯಲ್ಲಿ "ನನ್ನ ಪೂಜನೀಯ ಅತ್ತೆಯವರು ಹೇಳುತ್ತಿದ್ದಾರೆ ಏನೆಂದರೆ" ಎಂದು ಶುರು ಮಾಡಿದೆ. ಇಬ್ಬರೂ ಸುಮ್ಮನಾಗಿಬಿಟ್ಟರು. ಮದುವೆ ಮನೆಗೆ ಶಾಲಾ ತನಿಖಾಧಿಕಾರಿ ಬಂದ ಹಾಗಾಯಿತು. ನಾನು ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಒಳಗೆ ಹೋದ ಕೂಡಲೇ ಮಾತು ಮತ್ತೆ ಹರಿಯಿತು.

ಸ್ನೇಹ ಬರೀ ಮಾತಿನದ್ದಾಗಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಮಾವನವರು ಬಚ್ಚಲಲ್ಲಿ ಕುಸಿದುಬಿದ್ದರು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಅತ್ತೆ ಕೂಗಿದ್ದು ಕೇಳಿ ಪ್ರೀತಮ್ಮ ಗೇಟಿನ ಕಡೆ ಬರುವಷ್ಟು ತಾಳ್ಮೆಯಿಲ್ಲದೆ ಗೋಡೆಯನ್ನೇ ಹತ್ತಿ ಇಳಿದರು. ಒದ್ದೆ ಪಂಚೆಯಲ್ಲಿದ್ದ ಮಾವನವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಮನೆ ಮುಂದೆ ನಿಂತಿದ್ದ ಲಾರಿಯ ಮುಂಭಾಗದಲ್ಲಿ ಕೂರಿಸಿ, ಡ್ರೈವರನಿಗೆ ಪಂಜಾಬಿಯಲ್ಲಿ ಏನೋ ಅಬ್ಬರಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು, ತಡವಾಗಿದ್ದರೆ ಕಷ್ಟವಿತ್ತು ಎಂದರು. ಪೋಸ್ಟ್‌ಮಾಸ್ಟರಾಗಿ ಗೌರವದಿಂದ ನಿವೃತ್ತರಾದ ಮಾವನವರು ಆಮೇಲೆ ಬಹುಕಾಲ ಪ್ರೀತಮ್ಮನ ಕಣ್ಣಿಗೆ ಬೀಳದಂತೆ ಓಡಾಡಿಕೊಂಡಿದ್ದರು. ಹೆಂಗಸೊಬ್ಬರು ಎತ್ತಿಕೊಂಡು ಹೋದದ್ದು ಅವರಿಗೆ ಎದೆನೋವಿಗಿಂತ ದೊಡ್ಡ ಪೆಟ್ಟಾಗಿತ್ತು.

ಇಷ್ಟೆಲ್ಲ ಇದ್ದರೂ ಅತ್ತೆ ಪ್ರೀತಮ್ಮನ ಕೈಯಿಂದ ಒಂದು ತುತ್ತನ್ನೂ ತಿಂದವರಲ್ಲ.

ಅತ್ತೆಯದು ಸ್ವಯಂಪಾಕ. ಮಂತ್ರೋಪದೇಶವಾದ ಮೇಲೆ ತಾವೇ ಬೇಯಿಸಿದ್ದನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಎಲ್ಲರೂ ಹೋಳಿಗೆಯ ಎರಡನೇ ಸುತ್ತಿಗೆ ಕಾಯುತ್ತಿದ್ದಾಗ ಇವರು ಬಾಳೆಹಣ್ಣು ಸುಲಿಯುತ್ತಿರುತ್ತಿದ್ದರು. ನನ್ನ ಅಡಿಗೆ ಅವರ ಎಲೆಗೆ ಬೀಳಬೇಕಾದರೆ ಮದುವೆಯಾಗಿ ಎರಡು ದೀಪಾವಳಿ ಕಳೆಯಬೇಕಾಯಿತು. ಅದೂ ಮೊದಲು ತಿಳಿಸಾರು, ಆಮೇಲೆ ಅನ್ನ, ಆಮೇಲೆ ಹುಳಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಬಡ್ತಿ ಸಿಕ್ಕಿತು. ಹಾಗೆಂದು ಪ್ರೀತಮ್ಮನ ವಿಷಯದಲ್ಲಿ ಜಾತಿ, ಮಡಿ, ಈರುಳ್ಳಿ ಯಾವುದೂ ಇರಲಿಲ್ಲವೆಂದು ಹೇಳಿದರೆ ನೀವು ನಂಬಬೇಡಿ. ಎಲ್ಲವೂ ಇತ್ತು. ಸ್ವಯಂಪಾಕ ಎಂಬ ಒಂದು ಮಾತಿನ ಕೆಳಗೆ ಎಲ್ಲವನ್ನೂ ಮುಚ್ಚಿಡುವ ಅನುಕೂಲವಿತ್ತು.

ಪ್ರೀತಮ್ಮನಿಗೆ ಇದು ತಿಳಿದಿರಲಿಲ್ಲ. ಗೋಡೆಯ ಮೇಲಿಂದ ಸ್ಟೀಲ್ ಡಬ್ಬಿಗಳು ಬರುತ್ತಲೇ ಇದ್ದವು. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಅತ್ತೆ ಕೋಡುಬಳೆ, ತೇಂಗೊಳಲು ತುಂಬಿಸಿ ಕೊಡುತ್ತಿದ್ದರು. ಬಂದದ್ದನ್ನು ನಮ್ಮವರು ತಿನ್ನುತ್ತಿದ್ದರು. ಮಾರನೆಯ ದಿನ ಪ್ರೀತಮ್ಮ ಹುಬ್ಬೆತ್ತಿ ಹೇಗಿತ್ತೆಂದು ಕೇಳಿದರೆ ಅತ್ತೆ, "ತುಂಬಾ ಚೆನ್ನಾಗಿತ್ತಂತೆ ಪ್ರೀತಮ್ಮ" ಎನ್ನುತ್ತಿದ್ದರು. ಅತ್ತೆ ಸುಳ್ಳು ಹೇಳುವವರಲ್ಲ. ಬೇಡದವರು ಯಾರಾದರೂ ಬಾಗಿಲು ತಟ್ಟಿ, ಮಾವನವರು ಒಳಗಿಂದ ಇಲ್ಲ ಎನ್ನುವಂತೆ ಕೈಸನ್ನೆ ಮಾಡಿದರೆ, ಅತ್ತೆ ಬಂದವರಿಗೆ "ಇಲ್ಲ ಅನ್ನು ಅಂತಿದ್ದಾರೆ" ಎಂದು ಹೇಳಿಬಿಡುತ್ತಿದ್ದರು. ಇದರಿಂದ ನಮಗೆ ನೆಂಟರು ಕಡಿಮೆಯಾಗಿದ್ದರು.

ಒಮ್ಮೆ ಚಾತುರ್ಮಾಸ್ಯದ ಉಪವಾಸಗಳಿಂದ ಅತ್ತೆ ಬಹಳ ಇಳಿದುಹೋದರು. ಪ್ರೀತಮ್ಮ ಗೋಡೆಯಾಚೆಯಿಂದ ದಿನಾ ನೋಡಿ ನೋಡಿ ತಡೆಯಲಾಗದೆ, ತುಪ್ಪ, ಗೋಧಿಹಿಟ್ಟು, ಬಾದಾಮಿ, ಅಂಟು ಹಾಕಿ ಉಂಡೆ ಕಟ್ಟಿ ತಂದರು. ಪಿನ್ನಿ ಎಂದು ಅದಕ್ಕೆ ಹೆಸರು. ಡಬ್ಬಿಯನ್ನು ಅತ್ತೆಯ ಕೈಯಲ್ಲಿಟ್ಟು, ಅತ್ತೆಯ ಎದೆಗೆ ಬೆರಳು ತಾಗಿಸಿ, ಬೇರೆ ಯಾರಿಗೂ ಇಲ್ಲ ಎಂದು ಕೈ ಆಡಿಸಿ ತೋರಿಸಿದರು. ಇದಕ್ಕೆ ನನ್ನ ಹಿಂದಿ ಬೇಕಾಗಿರಲಿಲ್ಲ. ಅತ್ತೆ ಸಂಕಟಪಟ್ಟರು. ಬೇರೆ ಯಾರಿಗೂ ಇಲ್ಲವೆಂದ ಮೇಲೆ ಮಗನಿಗೆ ಕೊಡುವಂತಿಲ್ಲ, ತಾವು ತಿನ್ನುವಂತಿಲ್ಲ. ಎರಡು ದಿನ ಡಬ್ಬಿಯನ್ನು ದೇವರ ಮನೆಯ ಹೊರಗಿಟ್ಟು ನೋಡಿ, ಕೊನೆಗೆ ಹಾಲಿನ ಮುನಿಯಪ್ಪನ ಮಗಳು ಬಾಣಂತಿ ಎಂದು ತಿಳಿದು, ಅವನಿಗೆ ಕೊಟ್ಟುಬಿಟ್ಟರು.

ಮುನಿಯಪ್ಪ ಅಮೃತಹಳ್ಳಿ ಕಡೆಯವನು, ಬಹಳ ನಿಯತ್ತಿನ ಮನುಷ್ಯ. ನಾಲ್ಕು ದಿನ ಬಿಟ್ಟು ಡಬ್ಬಿಯನ್ನು ಬೂದಿ ಹಾಕಿ ಬೆಳಗಿ ತಂದ. ಡಬ್ಬಿಯ ಮೇಲೆ ಸರ್ದಾರ್ಜಿ ಮನೆಯವರ ಅಕ್ಷರದಲ್ಲಿ ಹೆಸರು ಕೊರೆದಿತ್ತು. ಆ ಅಕ್ಷರ ನಮ್ಮದಲ್ಲವೆಂಬುದು ಅವನಿಗೂ ತಿಳಿಯಿತು. ಯಾರ ವಸ್ತು ಅವರಿಗೆ ಸೇರಲಿ ಎಂದು ನೇರವಾಗಿ ಪಕ್ಕದ ಗೇಟು ತೆಗೆದು, "ಅಮ್ಮಾವ್ರೇ, ನಮ್ ಬಾಣಂತಿಗೆ ಒಳ್ಳೆ ಸಕ್ತಿ ಬಂತು. ಎಲ್ಲಾ ಉಂಡೇನೂ ಅವಳೇ ತಿಂದ್ಲು. ಇಂಗೇ ಆವಾಗಾವಾಗ ಕೊಡ್ತಾ ಇರಿ" ಎಂದು ಡಬ್ಬಿ ಮುಂದೆ ಚಾಚಿದ. ನಾನು ಬಟ್ಟೆ ಒಣಹಾಕುತ್ತಿದ್ದವಳು ಎಲ್ಲವನ್ನೂ ನೋಡಿದೆ. ಮಾತು ಎಷ್ಟು ಅರ್ಥವಾಯಿತೋ, ಪ್ರೀತಮ್ಮ ಡಬ್ಬಿಯನ್ನು ನೋಡಿದರು, ನಮ್ಮ ಅಡಿಗೆಮನೆಯ ಕಿಟಕಿಯನ್ನು ನೋಡಿದರು, ಒಳಗೆ ಹೋದರು.

ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಮಧ್ಯಾಹ್ನ ಗೋಡೆಯ ಆಚೆ ಯಾರೂ ಬರಲಿಲ್ಲ, ಅಷ್ಟೆ. ಅತ್ತೆ ಕರಿಬೇವಿನ ಗಿಡದ ಹತ್ತಿರ ಹೋಗಿ ಕೆಮ್ಮಿ ನೋಡಿದರು. ಆಚೆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ದಸರೆ ಕಳೆಯಿತು, ಸಂಕ್ರಾಂತಿಯ ಎಳ್ಳನ್ನು ನನ್ನ ಕೈಯಲ್ಲಿ ಕಳಿಸಿದರು. ಪ್ರೀತಮ್ಮ ತೆಗೆದುಕೊಂಡು, ನನ್ನ ಕೆನ್ನೆ ಸವರಿ, ಬಟ್ಟಲನ್ನು ತೊಳೆದು ಖಾಲಿಯಾಗಿ ಹಿಂದಿರುಗಿಸಿದರು. ಅತ್ತೆ ಆ ಖಾಲಿ ಬಟ್ಟಲನ್ನು ಹಿಡಿದುಕೊಂಡು ಅಡಿಗೆಮನೆಯಲ್ಲಿ ಸುಮ್ಮನೆ ಕೂತಿದ್ದರು. ನನಗೆ ಮದುವೆಯಾದ ಮೇಲೆ ಮೊದಲ ಬಾರಿಗೆ ಅತ್ತೆಯನ್ನು ಕಂಡು ಅಯ್ಯೋ ಎನಿಸಿತು.

ಆ ಬೇಸಿಗೆಯಲ್ಲಿ ಅವರ ಹಿರಿಯ ಮಗನಿಗೆ ಗಂಡು ಮಗುವಾಯಿತು. ಒಂದು ಸಂಜೆ ಸರ್ದಾರ್ಜಿ ಬಂದು ನಿಂತರು. ಅವರು ಕನ್ನಡ ಕಲಿತದ್ದು ಲಾರಿ ಡ್ರೈವರುಗಳಿಂದ ಮತ್ತು ಗ್ಯಾರೇಜಿನವರಿಂದ. "ಏನ್ ಗುರು, ಸೆಂದಾಗಿದ್ದೀಯಾ?" ಎಂದು ಮಾವನವರನ್ನು ಕೇಳಿದರು. ಮಾವನವರು ಗುರು ಎಂಬ ಗೌರವವನ್ನು ಇಟ್ಟುಕೊಂಡು ಏಕವಚನವನ್ನು ಬಿಟ್ಟುಬಿಟ್ಟರು.

"ಬಾನುವಾರ ಮೊಮ್ಮಗನ ಹೆಸರಲ್ಲಿ ಗುರುದ್ವಾರದಾಗೆ ಗ್ರಂಥ ಓದಿಸ್ತೀವಿ. ಎಲ್ರೂ ಬರ್ಬೇಕು. ನಮ್ ಲಾರಿ ಬತ್ತದೆ. ಊಟ ಅಲ್ಲೇ."

ಊಟ ಅಲ್ಲೇ ಎಂದಾಗ ಮನೆಯಲ್ಲಿದ್ದವರೆಲ್ಲ ಅತ್ತೆಯನ್ನು ನೋಡಿದೆವು. ಅತ್ತೆ ನೋಡುತ್ತಿದ್ದದ್ದು ಸರ್ದಾರ್ಜಿಯ ಬೆನ್ನ ಹಿಂದೆ. ಅಲ್ಲಿ ಯಾರೂ ಇರಲಿಲ್ಲ.

"ಪ್ರೀತಮ್ಮ ಬರ್ಲಿಲ್ವಾ ಕರೆಯಕ್ಕೆ?"

"ಅವಳಿಗೆ ಕೆಲ್ಸ ಅದೆ" ಎಂದರು ಸರ್ದಾರ್ಜಿ. ಅವರಿಗೂ ಸುಳ್ಳು ಸರಿಯಾಗಿ ಬರುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಮ್ಮವರು, "ಅಮ್ಮ, ನೀನು ಮನೇಲಿರು. ನಾನೂ ಶಾಂತಾನೂ ಹೋಗಿ ಬರ್ತೀವಿ" ಎಂದರು.

"ನಾನೂ ಬರ್ತೀನಿ ಕಣೋ."

"ಊಟ?"

"ಊಟದ ವಿಷಯ ನಿಂಗ್ಯಾಕೆ? ಈಗ ಹೋಗ್ದೇ ಇದ್ರೆ ಇನ್ನು ಅವಳ ಮುಖ ನೋಡಕ್ಕಾಗಲ್ಲ. ಆ ಗೋಡೆ ಹತ್ರ ಎಷ್ಟು ದಿನ ಅಂತ ಒಬ್ಬಳೇ ಕೆಮ್ಕೊಂಡು ನಿಂತಿರ್ಲಿ?" ಅಷ್ಟು ಹೇಳಿ ನನ್ನ ಎಲೆಗೆ ಮಜ್ಜಿಗೆ ಬಡಿಸಿದರು. ನಾನು ಇನ್ನೂ ಸಾರಿನಲ್ಲಿದ್ದೆ.

ಭಾನುವಾರ ಲಾರಿ ಬಂತು. ಮಾವನವರು ಮಂಡಿನೋವೆಂದು ತಪ್ಪಿಸಿಕೊಂಡರು. ಆ ಲಾರಿಯ ಜೊತೆ ಅವರಿಗೆ ಹಳೆಯ ಪರಿಚಯವಿತ್ತು. ಅತ್ತೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಬುಟ್ಟಿಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಊದಿನಕಡ್ಡಿ ಇಟ್ಟುಕೊಂಡು ಸಿದ್ಧವಾಗಿದ್ದರು. ದೇವಸ್ಥಾನಕ್ಕೆ ಬರಿಗೈಯಲ್ಲಿ ಹೋಗುವುದುಂಟೇ? ಲಾರಿಯ ಮುಂಭಾಗಕ್ಕೆ ಹತ್ತಿಸಲು ಕಷ್ಟವಾಯಿತು. ಡ್ರೈವರು ಕೈ ಕೊಡಲು ಹೋದ, ಮಡಿಯೆಂದು ಬೇಡವೆಂದರು. ಕೊನೆಗೆ ನಮ್ಮವರು ಕೆಳಗಿನಿಂದಲೂ ನಾನು ಮೇಲಿನಿಂದಲೂ ಪ್ರಯತ್ನಿಸಿದೆವು. ಒಳಗೆ ಕೂತ ಮೇಲೆ ಕನ್ನಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದನ್ನು ನೋಡಿ, "ಇವರಿಗೂ ಇದೆಯಾ ಇದು!" ಎಂದು ಸಮಾಧಾನಪಟ್ಟರು. ರೈಲ್ವೆ ಗೇಟು ಹಾಕಿತ್ತು. ಅಷ್ಟು ಎತ್ತರದಿಂದ ಸಿಟಿ ಬಸ್ಸಿನ ನೆತ್ತಿಯನ್ನು ಅತ್ತೆ ಜೀವನದಲ್ಲಿ ಮೊದಲ ಸಲ ನೋಡಿದರು. ತುಂಬಾ ಧೂಳು ಎಂದರು.

ಗುರುದ್ವಾರ ಜಾಲಹಳ್ಳಿಯ ಕಡೆ, ನೀಲಗಿರಿ ಮರಗಳ ನಡುವೆ ಸುಣ್ಣ ಬಳಿದ ಒಂದು ಚಿಕ್ಕ ಕಟ್ಟಡ. ಮೇಲೊಂದು ಕೇಸರಿ ಬಾವುಟ. ಚಪ್ಪಲಿ ಬಿಟ್ಟು, ಕಾಲು ತೊಳೆದು ಬಾಗಿಲಿಗೆ ಬಂದರೆ ಅಲ್ಲಿದ್ದ ಹಿರಿಯರೊಬ್ಬರು ತಲೆ ಮುಟ್ಟಿ ತೋರಿಸಿದರು. ತಲೆ ಮುಚ್ಚಿಕೊಳ್ಳಬೇಕು. ನಮ್ಮವರು ಕರವಸ್ತ್ರ ಬಿಚ್ಚಿ ನಾಲ್ಕು ಮೂಲೆಗೂ ಗಂಟು ಹಾಕಿ ತಲೆಗೆ ಕೂರಿಸಿಕೊಂಡರು. ಹಲ್ಲುನೋವಿನವರಂತೆ ಕಾಣುತ್ತಿದ್ದರು. ನಾನು ಸೆರಗೆಳೆದುಕೊಂಡೆ. ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

"ಮನೇಲಿ ಅವರು ಗುಂಡುಕಲ್ಲಿನ ಹಾಗೆ ಕೂತಿದ್ದಾರೆ. ನಾನು ತಲೆ ಮೇಲೆ ಸೆರಗು ಹೊದ್ಕೊಳ್ಳಾ?"

ನಿಮಗೆ ತಿಳಿದಿರಬಹುದು, ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುತ್ತಿದ್ದವರು ಗಂಡನನ್ನು ಕಳೆದುಕೊಂಡವರು. ಮುತ್ತೈದೆಗೆ ಅದು ಆಗದ ಮಾತು. ಅತ್ತೆ ಹಿಂದಿರುಗಿ ಲಾರಿಯನ್ನು ನೋಡಿದರು. ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಅವರು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಮುಡಿದಿದ್ದ ಮಲ್ಲಿಗೆಯನ್ನು ತೆಗೆದು, ಸೆರಗನ್ನು ತಲೆಗೆ ಹೊದ್ದು, ಅದರ ಮೇಲೆ ಎಲ್ಲರಿಗೂ ಕಾಣುವ ಹಾಗೆ ಮಲ್ಲಿಗೆಯನ್ನು ಸಿಕ್ಕಿಸಿ, "ಪಿನ್ನು ಹಾಕು" ಎಂದರು. ಹಾಕಿದೆ. ಮಾವನವರ ಆಯುಷ್ಯ ಭದ್ರವಾಯಿತು.

ಒಳಗೆ ಜಮಖಾನದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತಿದ್ದರು. ಮುಂದೆ ಮೇಲ್ಕಟ್ಟಿನ ಕೆಳಗೆ ಎತ್ತರದ ಪೀಠದಲ್ಲಿ ದೊಡ್ಡ ಗ್ರಂಥ. ಒಬ್ಬರು ಓದುತ್ತಿದ್ದರು, ಇನ್ನೊಬ್ಬರು ಚಾಮರ ಬೀಸುತ್ತಿದ್ದರು. ಅತ್ತೆ ಎಲ್ಲ ಕಡೆ ಕಣ್ಣಾಡಿಸಿ, "ದೇವರೆಲ್ಲೇ?" ಎಂದು ಪಿಸುಗುಟ್ಟಿದರು.

"ಆ ಪುಸ್ತಕಾನೇ ಅತ್ತೆ."

"ಓ, ನಮ್ಮ ಸರಸ್ವತಿ ಪೂಜೆ ಹಾಗೆ." ಸ್ವಲ್ಪ ಹೊತ್ತು ನೋಡಿದರು. "ಆದ್ರೆ ಇವ್ರು ಓದ್ತಿದ್ದಾರಲ್ಲೇ! ಪೂಜೆಗಿಟ್ಟ ಪುಸ್ತಕ ಮುಟ್ಟಬಾರ್ದು."

ಚಿಕ್ಕಂದಿನಲ್ಲಿ ನಾನು ಸರಸ್ವತಿ ಪೂಜೆಗೆ ವರ್ಷವಿಡೀ ಕಾಯುತ್ತಿದ್ದದ್ದೇ ಅದಕ್ಕಾಗಿ. ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಕೆಳಗಿಡುತ್ತಿದ್ದೆ, ದೇವಿ ಬೇಗ ಹಿಂದಿರುಗಿಸದಿರಲಿ ಎಂದು. ಇಲ್ಲಿಯ ದೇವರನ್ನು ನಿತ್ಯ ಓದಬೇಕಾಗಿತ್ತು. ನಮ್ಮದು ಎಷ್ಟೋ ಸುಲಭವೆನಿಸಿತು.

ಅತ್ತೆ ಮುಂದೆ ಹೋಗಿ ನಮಸ್ಕಾರ ಮಾಡಿ ಬುಟ್ಟಿಯಿಂದ ತೆಂಗಿನಕಾಯಿ ತೆಗೆದು ಇಟ್ಟರು. ಅಲ್ಲಿ ಬೇರೆಯವರು ತಂದಿಟ್ಟಿದ್ದ ಹಿಟ್ಟು, ಬೇಳೆ, ಸಕ್ಕರೆಯ ಪೊಟ್ಟಣಗಳ ನಡುವೆ ಅದೊಂದೇ ಜುಟ್ಟು ಬಿಟ್ಟುಕೊಂಡು ಕೂತಿತು. ನಮ್ಮವರು ಪಕ್ಕದ ಹಿರಿಯರಿಗೆ ಗೋತ್ರ, ನಕ್ಷತ್ರ ಹೇಳಿದರು. ಆ ಹಿರಿಯರು ಬಹಳ ಮರ್ಯಾದೆಯಿಂದ ತಲೆಯಾಡಿಸಿ, ತಮ್ಮ ಊರಿನ ಹೆಸರು ಹೇಳಿದರು.

ಪ್ರೀತಮ್ಮ ಮುಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಒಮ್ಮೆ ತಿರುಗಿ ನೋಡಿದರು. ಸೆರಗಿನ ಮೇಲಿದ್ದ ಮಲ್ಲಿಗೆಯ ಹತ್ತಿರ ಅವರ ಕಣ್ಣು ಸ್ವಲ್ಪ ನಿಂತಿತು. ನಗುತ್ತಾರೇನೋ ಎಂದುಕೊಂಡೆ, ನಗಲಿಲ್ಲ.

ಓದು ಮುಗಿದ ಮೇಲೆ ಪ್ರಸಾದ ಬಂತು. ಗೋಧಿಹಿಟ್ಟಿನ ಬಿಸಿ ಹಲ್ವ, ತುಪ್ಪ ಜಿನುಗುತ್ತಿತ್ತು. ಬೊಗಸೆಯೊಡ್ಡಿ ತೆಗೆದುಕೊಂಡೆವು. ನಮ್ಮವರು ತಿಂದು, ತೀರ್ಥ ತೆಗೆದುಕೊಂಡು ರೂಢಿಯಾದ ಕೈಯನ್ನು ಹಾಗೇ ತಲೆಗೆ ಸವರಿಕೊಂಡರು. ತಲೆಯ ಮೇಲೆ ಕರವಸ್ತ್ರವಿತ್ತು. ಆ ಕಲೆಯ ಹುಟ್ಟು ಇದು. ಅತ್ತೆ ಮಾತ್ರ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಬುಟ್ಟಿಯಲ್ಲಿದ್ದ ವೀಳ್ಯದೆಲೆಯೊಂದರಲ್ಲಿ ಮಡಿಸಿ ಇಟ್ಟುಕೊಂಡರು. ಅದೇ ಹೊತ್ತಿಗೆ ಪ್ರೀತಮ್ಮ ಮತ್ತೆ ತಿರುಗಿದ್ದರು. ಎಲೆ ಮಡಿಸುವುದನ್ನು ಪೂರ್ತಿ ನೋಡಿ, ಮಗುವನ್ನು ಸೊಸೆಯ ಕೈಗೆ ಕೊಟ್ಟು, ಎದ್ದು ಅಡಿಗೆಯ ಕಡೆ ಹೋದರು. ಇದಕ್ಕಿಂತ ನಾವು ಬರದೇ ಇದ್ದಿದ್ದರೇ ವಾಸಿಯಾಗಿತ್ತು ಎನಿಸಿತು ನನಗೆ.

ಹಿಂದಿನ ಕಟ್ಟಡದಲ್ಲಿ ಊಟ. ಲಂಗರ್ ಎನ್ನುತ್ತಾರೆ. ಉದ್ದನೆಯ ಚಾಪೆಗಳ ಮೇಲೆ ಸಾಲಾಗಿ ಕೂರಬೇಕು. ವಾಯುಪಡೆಯ ಸಮವಸ್ತ್ರದವರು, ಲಾರಿ ಕ್ಲೀನರುಗಳು, ಬೀದಿಯಲ್ಲಿ ಹೋಗುತ್ತಿದ್ದವರು ಎಲ್ಲ ಒಂದೇ ಸಾಲು. ನಮ್ಮವರು ಆಗಲೇ ಕೂತಿದ್ದರು. ಅತ್ತೆ ಕೂರಲಿಲ್ಲ. ಗೋಡೆಗೊರಗಿ ನಿಂತು ಅಡಿಗೆಮನೆಯ ತೆರೆದ ಬಾಗಿಲನ್ನೇ ನೋಡುತ್ತಿದ್ದರು. ಒಳಗೆ ಹೆಂಗಸರೆಲ್ಲ ನೆಲದ ಮೇಲೆ ಕೂತು ರೊಟ್ಟಿ ಲಟ್ಟಿಸುತ್ತಿದ್ದರು. ಮಂಚದಷ್ಟು ದೊಡ್ಡ ಕಾವಲಿಯ ಮುಂದೆ ಪ್ರೀತಮ್ಮ.

"ಅವ್ರೆಲ್ಲ ಇಲ್ಲಿಯ ಅಡಿಗೆಯವರಾ?"

"ಇಲ್ಲ ಅತ್ತೆ, ಬಂದವರೇ ಮಾಡ್ತಾರಂತೆ."

"ಯಾರು ಬೇಕಾದ್ರೂ ಮಾಡಬಹುದಾ? ಕೇಳು."

ನಾನು ಒಬ್ಬ ಹುಡುಗಿಯನ್ನು ನಿಲ್ಲಿಸಿ, ನನ್ನ ಪೂಜನೀಯ ಅತ್ತೆಯವರು ಕೇಳುತ್ತಿದ್ದಾರೆ ಏನೆಂದರೆ ಎಂದು ಪೂರ್ತಿ ವಾಕ್ಯ ಮುಗಿಸಿದೆ. ಅವಳು ಕನ್ನಡದಲ್ಲಿ, "ಯಾರ್ ಬೇಕಾದ್ರೂ ಮಾಡ್ಬೋದು ಆಂಟಿ, ಬನ್ನಿ" ಎಂದಳು. ಜಾಲಹಳ್ಳಿಯಲ್ಲೇ ಹುಟ್ಟಿ ಬೆಳೆದವಳಂತೆ.

ಅತ್ತೆ ನಲ್ಲಿಯ ಹತ್ತಿರ ಹೋಗಿ ಮತ್ತೊಮ್ಮೆ ಕೈಕಾಲು ತೊಳೆದು, ಸೆರಗನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿ, ಒಳಗೆ ನಡೆದು, ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತರು. ಲಟ್ಟಣಿಗೆ ತೆಗೆದುಕೊಂಡರು. ಅಲ್ಲಿ ಎಲ್ಲರೂ ದುಂಡಗೆ, ದಪ್ಪಗೆ, ತಟ್ಟೆಯಗಲ ಮಾಡುತ್ತಿದ್ದರು. ಅತ್ತೆ ನಮ್ಮ ಮನೆಯ ಕ್ರಮದಲ್ಲಿ ಒಮ್ಮೆ ಲಟ್ಟಿಸಿ, ಎಣ್ಣೆ ಸವರಿ, ಮಡಿಸಿ, ಇನ್ನೊಮ್ಮೆ ಮಡಿಸಿ, ತ್ರಿಕೋನ ಮಾಡಿ ತೆಳ್ಳಗೆ ಲಟ್ಟಿಸಿ ಕಾವಲಿಯ ಕಡೆ ನೂಕಿದರು. ಪ್ರೀತಮ್ಮ ಯಾರದೆಂದು ನೋಡದೆ ತೆಗೆದು ಹಾಕಿದರು. ಆಮೇಲೆ ಅದರ ಮೂರು ಮೂಲೆಗಳನ್ನು ನೋಡಿದರು. ತಲೆಯೆತ್ತಿದರು.

"ಯೇ ಕ್ಯಾ ಹೈ? ಸಮೋಸಾ?"

ಎಷ್ಟೋ ತಿಂಗಳ ಮೇಲೆ ಆಡಿದ ಮೊದಲ ಮಾತು ಅದು.

"ಇದಕ್ಕೆ ಚಪಾತಿ ಅಂತಾರೆ" ಎಂದರು ಅತ್ತೆ. "ಪದರ ಪದರ ಬರತ್ತೆ. ನಿಮ್ಮದು ಹಂಚಿನ ಹಾಗಿದೆ, ನೋಡು."

ಪ್ರೀತಮ್ಮ ಇಕ್ಕಳದಿಂದ ಚಪಾತಿಯನ್ನೆತ್ತಿ ಬೆಳಕಿಗೆ ಹಿಡಿದು, ಇಷ್ಟು ತೆಳುವಾದದ್ದನ್ನು ತಿಂದು ಯಾರ ಹೊಟ್ಟೆ ತುಂಬುತ್ತದೆ ಎಂಬರ್ಥದ್ದೇನೋ ಹೇಳಿದರು. ಹೆಂಗಸರೆಲ್ಲ ನಕ್ಕರು. ಅತ್ತೆ, ಹೊಟ್ಟೆ ತುಂಬಿಸಕ್ಕೆ ಅನ್ನ ಇದೆಯಲ್ಲ ಎಂದರು. ಪ್ರೀತಮ್ಮ ಇನ್ನೇನೋ ಅಂದರು. ನಾನು ಬಾಯಿ ತೆರೆಯಲಿಲ್ಲ. ಬುದ್ಧಿ ಬಂದಿತ್ತು. ಮಾತಿನ ನಡುವೆ ಅತ್ತೆ ಎದ್ದು ದಾಲಿನ ಕೊಳಗದಲ್ಲಿ ಇಣುಕಿದರು. ಈರುಳ್ಳಿ ಕಂಡು ಹಿಂದೆ ಸರಿದರು. ಖೀರಿನ ಕೊಳಗಕ್ಕೆ ಸೌಟು ಹಾಕಿ ತಿರುವಿದರು, ಎರಡು ಸಲ. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಚಪಾತಿ ನಾನು ಮಾಡಿದ್ದು. ಖೀರಿಗೂ ಕೈ ಹಾಕಿದ್ದೀನಿ. ಇದೂ ಸ್ವಯಂಪಾಕವೇ ತಾನೇ?" ಎಂದು ಕೇಳಿದರು.

"ಖಂಡಿತ ಅತ್ತೆ" ಎಂದೆ. ಯಾವ ಮಠದವರೂ ಇಷ್ಟು ಬೇಗ ಅಪ್ಪಣೆ ಕೊಟ್ಟಿರಲಾರರು.

ಅತ್ತೆ ಬಂದು ನನ್ನ ಪಕ್ಕದಲ್ಲಿ ಕೂತರು. ಮುಖದಲ್ಲಿ ಗೆದ್ದ ಕಳೆಯಿತ್ತು. ಅವರು ಲೆಕ್ಕ ಹಾಕದೇ ಹೋದದ್ದು ಒಂದೇ. ಮಾಡಿದ ರೊಟ್ಟಿಗಳೆಲ್ಲ ಒಂದೇ ಬುಟ್ಟಿಗೆ ಬೀಳುತ್ತಿದ್ದವು. ಬುಟ್ಟಿ ಸಾಲಿನ ಆ ತುದಿಯಿಂದ ಹೊರಟಿತು. ವಾಯುಪಡೆಯವರೊಬ್ಬರಿಗೆ ತ್ರಿಕೋನ ಬಂತು, ಅವರು ತಿರುಗಿಸಿ ತಿರುಗಿಸಿ ನೋಡಿದರು. ನಮ್ಮ ಲಾರಿಯ ಡ್ರೈವರನಿಗೊಂದು ಬಂತು. ಕ್ಲೀನರ್ ಬೇಕೆಂದೇ ಕೇಳಿ ಎರಡು ಹಾಕಿಸಿಕೊಂಡ. ನಮ್ಮವರಿಗೊಂದು ಬಂತು, ದಿನಾ ತಿನ್ನುವುದೇ ತಾನೇ, ದುಂಡನೆಯದು ಕೊಡಿ ಎಂದು ಅದನ್ನು ಪಕ್ಕದವರಿಗೆ ದಾಟಿಸಿದರು. ಅತ್ತೆಯ ಸ್ವಯಂಪಾಕವನ್ನು ಜಾಲಹಳ್ಳಿಯ ಜನವೆಲ್ಲ ಉಣ್ಣುತ್ತಿದ್ದದ್ದನ್ನು ಅತ್ತೆ ಕೂತು ನೋಡಿದರು.

ನಮ್ಮ ಹತ್ತಿರ ಬರುವ ಹೊತ್ತಿಗೆ ಬುಟ್ಟಿ ಹಿಡಿದಿದ್ದದ್ದು ಪ್ರೀತಮ್ಮ. ಅತ್ತೆಯ ಮುಂದೆ ನಿಂತರು. ಅಲ್ಲಿ ರೊಟ್ಟಿಯನ್ನು ತಟ್ಟೆಗೆ ಹಾಕುವುದಿಲ್ಲ, ಎರಡೂ ಕೈ ಜೋಡಿಸಿ ಚಾಚಿದವರ ಕೈಗೆ ಕೊಡುತ್ತಾರೆ. ಅತ್ತೆ ಕೈ ಚಾಚದೆ ಬುಟ್ಟಿಯೊಳಗೆ ನೋಡಿದರು. ಎಲ್ಲವೂ ದುಂಡನೆಯವು. ಪ್ರೀತಮ್ಮ ಕೆದಕಿ ಕೆಳಗೂ ನೋಡಿದರು, ಒಂದೂ ಮೂಲೆಯಿರಲಿಲ್ಲ. ಡಬ್ಬಿಯ ಕೋಪ ಅವರ ಮುಖದಲ್ಲಿ ಈಗ ಇರಲಿಲ್ಲ. ನಿಲ್ಲು ಎಂದು ಅತ್ತೆಗೆ ಕೈ ತೋರಿಸಿ, ತ್ರಿಕೋನವನ್ನು ಗಾಳಿಯಲ್ಲಿ ಬರೆದು, ಅಡಿಗೆಮನೆಯ ಕಡೆ ತಿರುಗಿದರು. ಅತ್ತೆಗಾಗಿ ಅತ್ತೆಯದನ್ನೇ ಹುಡುಕಿ ತರಲು ಹೊರಟಿದ್ದರು. ನಾನು ಚಾಪೆ ನೋಡುತ್ತಾ ಕೂತೆ.

"ಏ ಪ್ರೀತಮ್ಮ, ಎಲ್ಲಿಗೆ ಹೋಗ್ತೀಯಾ, ಬಾ ಇಲ್ಲಿ."

ಅತ್ತೆ ಎರಡು ಕೈಗಳನ್ನೂ ಜೋಡಿಸಿ ಚಾಚಿದ್ದರು. ಬುಟ್ಟಿಯ ಮೇಲಿದ್ದ ರೊಟ್ಟಿಯ ಕಡೆ ಗಲ್ಲದಿಂದ ತೋರಿಸಿದರು. ದಪ್ಪಗೆ, ದುಂಡಗೆ, ತಟ್ಟೆಯಗಲವಿತ್ತು ಅದು.

"ಅದನ್ನ ಕೊಡು. ಅದು ನಾನೇ ಮಾಡಿದ್ದು."

ಪ್ರೀತಮ್ಮ ನನ್ನ ಕಡೆ ತಿರುಗಿ ಏನಂದರು ಎಂದು ಕೇಳಿದರು. ಈ ಸಲ ಪೂಜನೀಯ ಎಂದೆಲ್ಲ ಶುರು ಮಾಡಲಿಲ್ಲ. ಆ ರೊಟ್ಟಿ ತಾವೇ ಮಾಡಿದ್ದಂತೆ ಎಂದೆ. ಪ್ರೀತಮ್ಮ ರೊಟ್ಟಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡು, ರೊಟ್ಟಿಯನ್ನು ಆ ಕೈಗಳ ಮೇಲಿಟ್ಟು, "ಝೂಠೀ" ಎಂದರು.

"ಏನಂದ್ಲು?" ಎಂದು ಕೇಳಿದರು ಅತ್ತೆ.

"ಸುಳ್ಳುಬುರುಕಿ ಅಂದ್ರು ಅತ್ತೆ."

"ಹೂಂ, ಸರಿಯಾಗೇ ಅಂದ್ಲು" ಎಂದು ಅತ್ತೆ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು.